ಉಣ್ಣೆಯ ಮೇಲೆ ಬರೆದ ಊರು

ನಮ್ಮ ದೊಡ್ಡಮ್ಮನ ಎದುರು ಹೊಸ ಬಟ್ಟೆ ಹಾಕಿಕೊಂಡು ನಿಲ್ಲುವುದಕ್ಕೆ ಮನೆಯಲ್ಲಿ ಎಲ್ಲರೂ ಹೆದರುತ್ತಿದ್ದರು. ಚೆನ್ನಾಗಿದೆ ಎಂದು ಅವಳು ಹೇಳುತ್ತಿರಲಿಲ್ಲ ಎಂದಲ್ಲ. ಹೇಳುತ್ತಿದ್ದಳು. ಆದರೆ ಹೇಳುವ ಹೊತ್ತಿಗೆ ಅವಳ ಹೆಬ್ಬೆರಳು ತೋಳಿನ ಹಿಂಬದಿಯಲ್ಲಿ ಎಲ್ಲೋ ಒಂದು ಕಡೆ ಹೋಗಿ ನಿಂತುಬಿಟ್ಟಿರುತ್ತಿತ್ತು. ‘ಇಲ್ಲೊಂದು ಎಳೆ ತಪ್ಪಿದೆ ನೋಡು.’ ನೋಡಿದರೆ ಏನೂ ಕಾಣದು. ಕಿಟಕಿಯ ಬೆಳಕಿಗೆ ಹಿಡಿದರೆ ಕಾಣುವುದು. ಒಮ್ಮೆ ಕಂಡಮೇಲೆ ಆ ಬಟ್ಟೆಯಲ್ಲಿ ಅದೊಂದನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಅವಳು ಊರಿನ ಉಣ್ಣೆ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ತಪಾಸಣೆ ಮೇಜಿನ ಮುಂದೆ ಕೂತವಳು. ಮಗ್ಗದಿಂದ ಇಳಿದ ಬಟ್ಟೆ, ಒಳಗಿನಿಂದ ದೀಪ ಹಚ್ಚಿದ ಗಾಜಿನ ಮೇಜಿನ ಮೇಲೆ ಮೆಲ್ಲಗೆ ಸರಿಯುತ್ತ ಬರುತ್ತದೆ. ಹಾಸಿನ ಎಳೆ ಎಲ್ಲಿ ಹರಿದಿದೆ, ಹೊಕ್ಕಿನ ಎಳೆ ಎಲ್ಲಿ ಜಿಗಿದಿದೆ, ಎಲ್ಲಿ ಗಂಟು ಉಳಿದಿದೆ ಎಂದು ಹುಡುಕಬೇಕು. ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಆಮೇಲೆ ಸೂಜಿ ಹಿಡಿದು, ಅಲ್ಲಿ ಯಾವ ತಪ್ಪೂ ಆಗಿರಲೇ ಇಲ್ಲ ಎನ್ನುವ ಹಾಗೆ ರಫೂ ಮಾಡಬೇಕು. ಮಾಡಿದ ಕೆಲಸ ಕಣ್ಣಿಗೆ ಬಿದ್ದರೆ ಕೆಲಸ ಕೆಟ್ಟಿತು ಎಂದೇ ಅರ್ಥ. ಗಿರಣಿಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಭೂತಗನ್ನಡಿ ಎನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ.

‘ನಿನ್ನ ದೊಡ್ಡಮ್ಮ ಯಾಕೆ ಮದುವೆ ಆಗಲಿಲ್ಲ ಗೊತ್ತಾ?’ ಎಂದು ನನ್ನ ಅಮ್ಮ ಕೇಳುತ್ತಿದ್ದಳು. ಅಮ್ಮ ಅವಳಿಗಿಂತ ನಾಲ್ಕು ವರ್ಷ ಚಿಕ್ಕವಳು. ‘ಕೇಳ್ಕೊಂಡು ಬಂದವರನ್ನೆಲ್ಲ ಬೆಳಕಿಗೆ ಹಿಡಿದು ನೋಡಿದಳು.’

ದೊಡ್ಡಮ್ಮ ಸಿಟ್ಟಾಗುತ್ತಿರಲಿಲ್ಲ. ‘ಒಬ್ಬನಂತೂ ಅಂಚಿನಿಂದಲೇ ಬಿಚ್ಚಿಕೊಳ್ತಿದ್ದ,’ ಎನ್ನುತ್ತಿದ್ದಳು.

ಗಿರಣಿ ಮುಚ್ಚಿದಾಗ ಅವಳಿಗೆ ಐವತ್ತೆರಡು. ಮೊದಲು ತಪಾಸಣೆ ಮೇಜಿಗೆ ಕ್ಯಾಮೆರಾ ಬಂತು. ಎರಡು ವರ್ಷ ಕಳೆಯುವುದರೊಳಗೆ ಕ್ಯಾಮೆರಾಕ್ಕೂ ನೋಡಲು ಬಟ್ಟೆ ಇಲ್ಲದಂತಾಯಿತು. ಕೊನೆಯ ದಿನ, ಗೋದಾಮಿನಲ್ಲಿ ಉಳಿದ ತುಂಡು ನೂಲನ್ನು ಯಾರಿಗೆ ಬೇಕೋ ಅವರು ತೆಗೆದುಕೊಂಡು ಹೋಗಬಹುದು ಎಂದರು. ಉಳಿದವರು ಮುಖ ತಿರುಗಿಸಿಕೊಂಡು ನಡೆದರು. ಅವಳು ಹನ್ನೊಂದು ಚೀಲ ತುಂಬಿಸಿಕೊಂಡು ಬಂದಳು. ಬೂದು, ಕಂದು, ಹೊಗೆ ಬಣ್ಣ, ಮಾಸಿದ ನೀಲಿ. ಕೋಟಿನ ಬಟ್ಟೆಗೆ ಬೇಕಾಗುವ ಬಣ್ಣಗಳು ಅಷ್ಟೇ.

ಅವಳದು ಸೈಕಲ್ ರಿಪೇರಿ ಅಂಗಡಿಯ ಮೇಲೆ ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಚೀಲಗಳನ್ನು ಗೋಡೆಯುದ್ದಕ್ಕೂ ಪೇರಿಸಿದಳು. ಮಲಗುವ ಕಬ್ಬಿಣದ ಮಂಚವನ್ನು ನೆಟ್ಟಗೆ ನಿಲ್ಲಿಸಿ, ಮೇಲಿನ ಪಟ್ಟಿಗೂ ಕೆಳಗಿನ ಪಟ್ಟಿಗೂ ಹಾಸು ಕಟ್ಟಿ ಮಗ್ಗ ಮಾಡಿಕೊಂಡಳು.

‘ನೀನೆಲ್ಲಿ ಮಲಗ್ತೀಯ?’ ಎಂದು ಕೇಳಿದೆ.

‘ನೆಲ ಎಲ್ಲಿಗೂ ಹೋಗಿಲ್ಲವಲ್ಲ.’

ಆ ಮಗ್ಗದಲ್ಲಿ ಅವಳು ನೇಯ್ದದ್ದನ್ನು ಮೊದಲ ಸಲ ನೋಡಿದಾಗ ನನಗೆ ಕಸಿವಿಸಿಯಾಯಿತು. ಗೋಣಿಗಿಂತ ದಪ್ಪನೆಯ ಬೂದು ಬಟ್ಟೆ. ಅದರ ತುಂಬ ತಪ್ಪುಗಳು. ಒಂದು ಕಡೆ ಹತ್ತು ಎಳೆ ಒಟ್ಟಿಗೆ ಜಿಗಿದಿವೆ, ಇನ್ನೊಂದು ಕಡೆ ಹಾಸು ಬರಿದಾಗಿ ಆಚೆಯ ಗೋಡೆ ಕಾಣುತ್ತದೆ, ಮತ್ತೊಂದು ಕಡೆ ಗಂಟುಗಳು ಸಾಲಾಗಿ ಉಬ್ಬಿವೆ. ಆದರೆ ಸ್ವಲ್ಪ ಹೊತ್ತು ನಿಂತು ನೋಡಿದರೆ ಆ ತೂತುಗಳು ಕಿಟಕಿಗಳ ಹಾಗೆ, ಜಿಗಿದ ಎಳೆಗಳು ಕರೆಂಟಿನ ತಂತಿಗಳ ಹಾಗೆ ಕಾಣತೊಡಗುತ್ತಿದ್ದವು.

‘ಇಪ್ಪತ್ತಾರು ವರ್ಷ ಮುಚ್ಚಿದ್ದನ್ನೆಲ್ಲ ಈಗ ಬಿಚ್ಚಿಡ್ತಾ ಇದ್ದೀನಿ,’ ಎಂದಳು. ‘ತೂತು ಬಿಡೋದೂ ಸುಲಭ ಅಲ್ಲ. ಎಳೆ ತುಂಡಾಗಬಾರದು. ಸುತ್ತಿಕೊಂಡು ವಾಪಸ್ ಬರಬೇಕು. ನೋಡು, ನನ್ನ ತೂತಿನ ಅಂಚಿಗೆ ಬೆರಳಿಡು. ಎಲ್ಲೂ ಕತ್ತರಿಸಿದ ತುದಿ ಸಿಗಲ್ಲ.’

ಎದುರು ಬಾಗಿಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಇದ್ದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಹೂಜಿ, ಚೆಂಡು, ಘನಾಕೃತಿ ಕಲಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮನೆ ತುಂಬ ಅವರು ಬರೆದ ಊರಿನ ಚಿತ್ರಗಳು. ಊರು ಎಂದರೆ ಚೌಕ, ಗಡಿಯಾರದ ಗೋಪುರ, ಸೇತುವೆ ಇವೆಲ್ಲ ಅಲ್ಲ. ಕಟ್ಟಡಗಳ ಬೆನ್ನು. ಚರಂಡಿ ಕೊಳವೆಗಳು, ತಾರಸಿಯ ನೀರಿನ ತೊಟ್ಟಿಗಳು, ಒಣಗಿ ಬೆಪ್ಪಾಗಿ ನೇತಾಡುವ ಬಟ್ಟೆ, ಬಸ್ ಡಿಪೋದ ಹಿಂಗೋಡೆ. ಒಂದರಲ್ಲೂ ಮನುಷ್ಯರಿರಲಿಲ್ಲ. ಯಾಕೆ ಎಂದು ಕೇಳಿದರೆ, ‘ಕಟ್ಟಡಕ್ಕೆ ಅಲ್ಲಾಡಬೇಡ ಅಂದ್ರೆ ಕೇಳುತ್ತೆ,’ ಎನ್ನುತ್ತಿದ್ದರು.

ಅವರಿಬ್ಬರಿಗೂ ಪರಿಚಯವಾದದ್ದು ತಾರಸಿಯ ಮೇಲೆ. ಅವರು ಬರೆಯುತ್ತಿದ್ದ ಚಿತ್ರದ ಹಿಂದೆ ನಿಂತು ದೊಡ್ಡಮ್ಮ, ‘ಮೂರನೇ ಕಿಟಕಿ ಸೊಟ್ಟಗಿದೆ ಮೇಷ್ಟ್ರೇ,’ ಎಂದಳಂತೆ. ‘ಕಟ್ಟಿದವನೇ ಸೊಟ್ಟ ಕಟ್ಟಿದ್ದಾನೆ, ನಾನೇನು ಮಾಡ್ಲಿ,’ ಎಂದರಂತೆ ಅವರು. ಅವಳು ಕಟ್ಟಡ ನೋಡಿದಳು. ಸೊಟ್ಟವೇ ಇತ್ತು. ತಾನು ಹಿಡಿದ ತಪ್ಪು ತಪ್ಪಾದದ್ದು ಅದೇ ಮೊದಲ ಸಲವಂತೆ. ಅಂದಿನಿಂದ ದಿನಾ ಬೆಳಿಗ್ಗೆ ಚಹಾ ಅವರ ಮನೆಯಲ್ಲಿ, ಸಂಜೆಯದು ಇವಳ ಮನೆಯಲ್ಲಿ. ಅವರು ಅವಳಿಗಿಂತ ಹದಿನಾಲ್ಕು ವರ್ಷ ದೊಡ್ಡವರು. ಅವಳು ಅವರನ್ನು ಮೇಷ್ಟ್ರೇ, ನೀವು ಎನ್ನುತ್ತಿದ್ದಳು. ಅವರು ವಾರ ಕಳೆಯುವುದರೊಳಗೆ ‘ಏನೇ ಭೂತಗನ್ನಡಿ, ನೀನು’ ಎನ್ನತೊಡಗಿದರು. ಅಷ್ಟು ಸಲಿಗೆಯಿಂದ ಅವಳನ್ನು ಏಕವಚನದಲ್ಲಿ ಕರೆಯುವ ಹಿರಿಯರು ನಮ್ಮಜ್ಜಿಯ ನಂತರ ಯಾರೂ ಉಳಿದಿರಲಿಲ್ಲ. ಅಮ್ಮ ಈ ವಿಷಯಕ್ಕೆ ಒಂದೆರಡು ಸಲ ಕಣ್ಣು ಮಿಟುಕಿಸಿದ್ದುಂಟು. ದೊಡ್ಡಮ್ಮ ಅದನ್ನು ಕಂಡೂ ಕಾಣದ ಹಾಗಿದ್ದಳು.

ಹೀಗೆ ಒಂಬತ್ತು ವರ್ಷ ಕಳೆದವು. ಆಮೇಲೆ ಮೇಷ್ಟ್ರ ಕಣ್ಣು ಕೆಡತೊಡಗಿತು.

ನೋಟದ ನಟ್ಟನಡುವೆ ಒಂದು ಬೂದು ಮಚ್ಚೆ ಕಾಣಿಸಿಕೊಂಡಿತು. ಏನನ್ನು ನೋಡಲು ಹೋದರೂ ಅದರ ಮೇಲೇ ಮಚ್ಚೆ ಕೂರುತ್ತಿತ್ತು. ಅಂಚುಗಳು ಮಾತ್ರ ಚೆನ್ನಾಗಿ ಕಾಣುತ್ತಿದ್ದವು. ಕಣ್ಣಿನ ಡಾಕ್ಟರು ಇದಕ್ಕೆ ಕನ್ನಡಕವೂ ಇಲ್ಲ, ಆಪರೇಷನ್ನೂ ಇಲ್ಲ ಎಂದರು. ಮಚ್ಚೆ ದೊಡ್ಡದಾಗುತ್ತ ಹೋಗುತ್ತದೆ, ಇನ್ನೊಂದು ವರ್ಷದಲ್ಲಿ ಬೆಳಕು ಕತ್ತಲೆ ತಿಳಿದರೆ ಅದೇ ಹೆಚ್ಚು ಎಂದರು. ಮೇಷ್ಟ್ರು ಮನೆಗೆ ಬಂದು ದೊಡ್ಡಮ್ಮನಿಗೆ ಹೇಳಿದ್ದು ಇಷ್ಟೇ. ‘ನಿನ್ನ ಮುಖ ನೋಡಬೇಕು ಅಂದ್ರೆ ನಿನ್ನ ಕಿವಿ ನೋಡಬೇಕು ಕಣೇ ಈಗ.’

ಅದೇ ದಿನಗಳಲ್ಲಿ ಗ್ಯಾಲರಿಯ ಮೇಡಂ ಬಂದದ್ದು. ಆಕೆ ಒಂದು ಕಾಲದಲ್ಲಿ ಮೇಷ್ಟ್ರ ಶಿಷ್ಯೆ. ನದಿಯ ಪಕ್ಕದ ಹಳೆಯ ಗೋದಾಮೊಂದನ್ನು ಸುಣ್ಣ ಬಳಿಸಿ ಗ್ಯಾಲರಿ ಮಾಡಿಕೊಂಡಿದ್ದರು. ಗುರುಗಳ ಕಣ್ಣಿನ ಸುದ್ದಿ ಕೇಳಿ, ಅವರದೊಂದು ಪ್ರದರ್ಶನ ಮಾಡಿಯೇ ತೀರುತ್ತೇನೆ ಎಂದು ಬಂದವರು. ಮೇಷ್ಟ್ರು ತಮ್ಮ ಚಿತ್ರಗಳನ್ನು ತೋರಿಸುವ ಮೊದಲೇ ಅವರನ್ನು ಎದುರು ಮನೆಗೆ ಕರೆದುಕೊಂಡು ಹೋದರು. ಮೇಡಂ ಬಟ್ಟೆಗಳನ್ನು ಒಂದೊಂದಾಗಿ ನೋಡಿದರು, ಮತ್ತೆ ಈ ಮನೆಗೆ ಬಂದು ಚಿತ್ರ ನೋಡಿದರು, ಮತ್ತೆ ಆ ಮನೆಗೆ ಹೋದರು. ಮೂರು ಸಲ ಹಾಗೆ ಓಡಾಡಿ, ಎರಡೂ ಬಾಗಿಲುಗಳ ನಡುವೆ ನಿಂತು, ‘ಇವನ್ನ ಬೇರೆ ಬೇರೆ ತೂಗು ಹಾಕೋಕೆ ಆಗಲ್ಲ ಸರ್. ಒಂದೇ ಊರು ಇದು,’ ಎಂದರು.

ದೊಡ್ಡಮ್ಮ ಅಂದು ಸಂಜೆ ನಮ್ಮ ಮನೆಗೆ ಬಂದು, ಕೋಟು ಬಿಚ್ಚದೆ ಕುರ್ಚಿಯ ತುದಿಯಲ್ಲಿ ಕೂತು, ‘ಗೋಡೆಗೆ ಹಾಕ್ತಾರಂತೆ. ದೀಪ ಬಿಡ್ತಾರಂತೆ. ಪಕ್ಕದಲ್ಲಿ ನನ್ನ ಹೆಸರಂತೆ,’ ಎಂದಳು. ಅಮ್ಮ ಮತ್ತೊಮ್ಮೆ ಹೇಳಿಸಿದಳು. ದೊಡ್ಡಮ್ಮ ಮತ್ತೊಮ್ಮೆ ಹೇಳಿದಳು.

ಪ್ರದರ್ಶನಕ್ಕೆ ‘ನೂಲು ಮತ್ತು ನಗರ’ ಎಂದು ಹೆಸರಿಟ್ಟರು. ಹದಿನಾರು ಚಿತ್ರ, ಹದಿನಾರು ಬಟ್ಟೆ, ಜೋಡಿ ಜೋಡಿಯಾಗಿ. ನಡುವಿನ ಗೋಡೆಗೆ ಇಬ್ಬರೂ ಸೇರಿ ಹೊಸದೊಂದನ್ನು ಮಾಡಿಕೊಡಬೇಕು ಎಂದು ಮೇಡಂ ಕೇಳಿದರು. ಆಳೆತ್ತರದ, ಅದಕ್ಕೆ ಎರಡರಷ್ಟು ಅಗಲದ ಉಣ್ಣೆ ಬಟ್ಟೆಯನ್ನು ದೊಡ್ಡಮ್ಮ ಮೂರು ಪಟ್ಟಿಗಳಾಗಿ ನೇಯ್ದು ಜೋಡಿಸಿದಳು. ಬರೆಯಬೇಕಾದ ಕಡೆಗಳಲ್ಲಿ ಮಾತ್ರ ಅಂಟು ಹಾಕಿ, ಬಿಳಿ ಬಣ್ಣ ಬಳಿದು, ಮೇಷ್ಟ್ರು ಅದರ ಮೇಲೆ ತಾರಸಿಯಿಂದ ಕಾಣುವ ಊರನ್ನು ಬರೆದರು. ಏಳು ತಿಂಗಳು ಹಿಡಿಯಿತು. ಅವರಿಗೆ ಬಣ್ಣದ ಟ್ಯೂಬಿನ ಮೇಲಿನ ಹೆಸರು ಓದಲಾಗುತ್ತಿರಲಿಲ್ಲ, ಅವಳು ಓದಿ ಕೈಗಿಡುತ್ತಿದ್ದಳು. ಅವರು ಮುಖವನ್ನು ಹಕ್ಕಿಯ ಹಾಗೆ ಓರೆ ಮಾಡಿ, ಕಣ್ಣಂಚಿನಲ್ಲಿ ಊರನ್ನು ಹಿಡಿದು, ಒಂದು ಗೆರೆ ಎಳೆದು, ಮತ್ತೆ ಓರೆಯಾಗುತ್ತಿದ್ದರು. ಊರಿನ ಅಂಚೆಲ್ಲ ಬಂತು. ತೊಟ್ಟಿಗಳು, ಚಿಮಣಿ, ದೂರದ ಡಿಪೋ, ಆಕಾಶದ ತುಂಡು. ನಡುವೆ ಮಾತ್ರ ಅವರು ಬಣ್ಣ ಹಚ್ಚಲೇ ಇಲ್ಲ. ಅಲ್ಲಿ ಬರೀ ಉಣ್ಣೆ, ಅವಳ ತೂತುಗಳು, ಅವಳ ತಂತಿಗಳು.

‘ನಡುವಿನದು ನಿನಗೆ ಬಿಟ್ಟಿದ್ದೀನಿ,’ ಎಂದರು. ‘ನನಗಲ್ಲಿ ಏನೂ ಇಲ್ಲ.’

ಅದು ತಮ್ಮ ಕೊನೆಯ ಚಿತ್ರ ಎಂದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಚಿತ್ರ ಮುಗಿದ ಮಾರನೆಯ ದಿನ ಅವರು ಕುಂಚಗಳನ್ನು ತೊಳೆದು, ಒಣಗಿಸಿ, ಕೆಳಗಿನ ಬೀದಿಯ ಶಾಲೆಗೆ ಕೊಟ್ಟುಬಿಟ್ಟರು.

ಬಟ್ಟೆಗಳನ್ನು ಗ್ಯಾಲರಿಗೆ ಸಾಗಿಸಲು ನಾಲ್ಕು ದಿನವಿದ್ದಾಗ ದೊಡ್ಡಮ್ಮನಿಗೆ ಅದು ಕಂಡಿತು. ದೊಡ್ಡ ಚಿತ್ರದ ಹಿಂಬದಿಯಲ್ಲಿ, ಎರಡು ಪಟ್ಟಿ ಕೂಡುವ ಹೊಲಿಗೆಯ ಒಳಗೆ, ಅಕ್ಕಿಯ ನುಚ್ಚಿನಷ್ಟು ಸಣ್ಣ ಬೂದು ಕೊಳವೆ. ಬೇರೆ ಯಾರೇ ಆಗಿದ್ದರೂ ನೂಲಿನ ಜುಂಗು ಎಂದು ಬಿಡುತ್ತಿದ್ದರು. ಅವಳು ಸೂಜಿಯ ಮೊನೆಯಿಂದ ಬಿಡಿಸಿ ನೋಡಿದಳು. ಒಳಗೆ ಬಿಳಿ ಹುಳ. ಉಣ್ಣೆ ತಿನ್ನುವ ನುಸಿ.

ಉಣ್ಣೆ ಗಿರಣಿಯಲ್ಲಿ ನುಸಿ ಎಂದರೆ ಬೆಂಕಿ ಎಂದ ಹಾಗೆ. ಒಂದು ಕಂಡರೆ ಕೂಗಿ ಹೇಳಬೇಕು, ಆ ಸಾಲಿನ ಬಟ್ಟೆಯನ್ನೆಲ್ಲ ಹೊರಗೆ ಹಾಕಬೇಕು. ಅವಳೇ ಎರಡು ಸಲ ಕೂಗಿದ್ದಳು, ಒಂದು ಸಲ ಪೂರ್ತಿ ಗೋದಾಮು ಖಾಲಿ ಮಾಡಿಸಿದ್ದಳು.

ಈ ಸಲ ಕೂಗಲಿಲ್ಲ. ನನಗೆ ಫೋನ್ ಮಾಡಿ, ಬಟ್ಟೆಗಳನ್ನು ತಾರಸಿಗೆ ಎತ್ತಿಕೊಂಡು ಹೋಗಬೇಕು, ಬಾ ಎಂದಳು. ಎರಡು ದಿನ ಎಲ್ಲವನ್ನೂ ಬಿಸಿಲಿಗೆ ಹರವಿ, ಕೋಲಿನಿಂದ ಬಡಿದು, ಬ್ರಷ್ಷಿನಿಂದ ಉಜ್ಜಿದೆವು. ‘ಏನಾಯ್ತು ದೊಡ್ಡಮ್ಮ?’ ಎಂದದ್ದಕ್ಕೆ, ‘ಧೂಳು ಕಣೇ,’ ಎಂದಳು. ಮೂಟೆಯ ನಡುವೆ ನುಸಿಗುಳಿಗೆ ಇಟ್ಟದ್ದನ್ನೂ ನೋಡಿದೆ. ಹಳೆಯ ಗಿರಣಿಯವಳು, ಅಭ್ಯಾಸಬಲ ಎಂದುಕೊಂಡೆ. ಚಿತ್ರ ಬರೆದ ಬಟ್ಟೆಯನ್ನು ಮಾತ್ರ ಬಡಿಯುವ ಹಾಗಿರಲಿಲ್ಲ, ಬಣ್ಣ ಉದುರುತ್ತದೆ. ಅದನ್ನು ಅವಳು ಮಂಡಿಯೂರಿ, ಹೊಲಿಗೆ ಹೊಲಿಗೆಯಾಗಿ, ಎರಡು ಪೂರ್ತಿ ಹಗಲು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಮತ್ತೇನೂ ಸಿಗಲಿಲ್ಲ.

ಗ್ಯಾಲರಿಗೆ ಸಾಮಾನು ಒಪ್ಪಿಸುವಾಗ ಒಂದು ನಮೂನೆ ತುಂಬಬೇಕಿತ್ತು. ಅದರಲ್ಲಿ ಹುಳ ಹುಪ್ಪಟೆಯ ಲಕ್ಷಣವೇನಾದರೂ ಕಂಡಿದೆಯೇ ಎಂಬ ಪ್ರಶ್ನೆಯಿತ್ತು. ನಾನು ಓದಿ ಹೇಳಿದೆ. ದೊಡ್ಡಮ್ಮ ಮೇಡಂ ಕಡೆ ತಿರುಗಿ ಕೇಳಿದಳು. ‘ಹೌದು ಅಂದ್ರೆ ಏನು ಮಾಡ್ತೀರಿ?’

‘ಅಯ್ಯೋ, ಗಾಬರಿ ಏನಿಲ್ಲಮ್ಮ. ಮೀನಿನ ಕಂಪನಿಯವರ ಶೀತಕೋಣೆಯಲ್ಲಿ ಮೂರು ವಾರ ಇಟ್ಟು ಹುಳ ಸಾಯಿಸಬೇಕು, ಅಷ್ಟೇ. ಆದ್ರೆ ಆಗ ಈ ತಾರೀಖು ತಪ್ಪುತ್ತೆ. ಇದಾದ ಮೇಲೆ ಬೇರೆಯವರದ್ದೆಲ್ಲ ಇದೆ. ಮುಂದಿನ ವರ್ಷ ನೋಡಬೇಕಾಗುತ್ತೆ.’

ಮೇಷ್ಟ್ರು ಆ ಹೊತ್ತಿಗೆ ಖಾಲಿ ಗೋಡೆಯ ಮುಂದೆ ನಿಂತು, ಮುಖ ಓರೆ ಮಾಡಿಕೊಂಡು, ತಮ್ಮ ಚಿತ್ರ ಎಲ್ಲಿ ಬರುತ್ತದೆ ಎಂದು ಕೆಲಸದವನನ್ನು ಕೇಳುತ್ತಿದ್ದರು. ಮುಂದಿನ ವರ್ಷಕ್ಕೆ ಅವರಿಗೆ ಗೋಡೆಯೂ ಕಾಣುತ್ತಿರಲಿಲ್ಲ.

‘ಇಲ್ಲ ಅಂತ ಹಾಕು,’ ಎಂದಳು ದೊಡ್ಡಮ್ಮ ನನಗೆ. ನಾನು ಹಾಕಿದೆ. ಅವಳು ಸಹಿ ಮಾಡಿದಳು.

ಪ್ರದರ್ಶನ ಶುರುವಾದ ಮಧ್ಯಾಹ್ನ ನೂರಕ್ಕೂ ಹೆಚ್ಚು ಜನ ಬಂದಿದ್ದರು. ಗಿರಣಿಯ ಹಳೆಯ ಕೆಲಸಗಾರರು ಹತ್ತು ಹನ್ನೆರಡು ಮಂದಿ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದು, ದೊಡ್ಡಮ್ಮನ ನೂಲನ್ನು ಗುರುತು ಹಿಡಿದು, ‘ಇದು ನಾಲ್ಕನೇ ಮಗ್ಗದ್ದು,’ ‘ಇದು ರೈಲ್ವೆಯವರ ಕೋಟಿಂದು,’ ಎಂದು ಗದ್ದಲ ಮಾಡಿದರು. ಮೇಷ್ಟ್ರ ತೊಟ್ಟಿಗಳ ಚಿತ್ರದ ಪಕ್ಕ ಅವಳ ಕಂದು ಬಟ್ಟೆ, ಡಿಪೋದ ಪಕ್ಕ ಹೊಗೆ ಬಣ್ಣದ್ದು. ದೂರದಿಂದ ನೋಡಿದರೆ ಯಾವುದು ಬಣ್ಣ, ಯಾವುದು ನೂಲು ಎಂದು ತಿಳಿಯದಂತಿತ್ತು. ಅಮ್ಮ ಅಕ್ಕನ ಹೆಸರು ಬರೆದ ಚೀಟಿಯ ಮುಂದೆ ನಿಂತವಳು ಅಲ್ಲಾಡಲೇ ಇಲ್ಲ. ಮೇಷ್ಟ್ರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ದೊಡ್ಡಮ್ಮನ ಮೊಣಕೈ ಹಿಡಿದು, ಬಂದವರಿಗೆಲ್ಲ, ‘ತಪ್ಪೇನಾದ್ರೂ ಕಂಡ್ರೆ ಇವಳಿಗೆ ಹೇಳಿ. ಅದು ಬೇಕಂತಲೇ ಮಾಡಿದ್ದು,’ ಎಂದು ನಗಿಸುತ್ತಿದ್ದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ದೊಡ್ಡ ಚಿತ್ರದ ಮುಂದೆ ನಿಂತಿದ್ದ ಒಬ್ಬರು, ಕಾಲೇಜಿನಲ್ಲಿ ಪಾಠ ಹೇಳುವವರಂತೆ, ದೊಡ್ಡಮ್ಮನನ್ನು ಕರೆದರು. ನಡುವಿನ ಉಣ್ಣೆಯಲ್ಲಿ, ಚಿಮಣಿಗೆ ತುಸು ಬಲಕ್ಕಿದ್ದ ಒಂದು ಚಿಕ್ಕ ತೂತು ತೋರಿಸಿದರು.

‘ಇಡೀ ಪ್ರದರ್ಶನದಲ್ಲಿ ನನಗೆ ಹಿಡಿಸಿದ್ದು ಇದೊಂದು ಜಾಗ,’ ಎಂದರು. ‘ಉಳಿದ ತೂತುಗಳೆಲ್ಲ ಅಳೆದು ಬಿಟ್ಟ ಹಾಗಿವೆ. ಇದು ಮಾತ್ರ ತಾನಾಗಿ ಆದ ಹಾಗಿದೆ. ಹೇಗೆ ಮಾಡಿದಿರಿ?’

ದೊಡ್ಡಮ್ಮ ಹತ್ತಿರ ಹೋಗಿ ನೋಡಿದಳು. ಮುಟ್ಟಬಾರದು ಎಂಬ ಫಲಕವಿದ್ದರೂ ಬೆರಳಿಟ್ಟಳು. ನಾನು ಪಕ್ಕದಲ್ಲೇ ಇದ್ದೆ. ಅವಳ ಮುಖದಿಂದ ರಕ್ತ ಇಳಿದು ಹೋದದ್ದು ಕಂಡಿತು. ಹೀಟರಿನ ಸೆಕೆಯಿಂದ ಇರಬೇಕು ಎಂದು ಕುರ್ಚಿ ತರಲು ಹೋದೆ. ಆ ತೂತಿನ ಅಂಚಿನಲ್ಲಿ ಎಳೆಗಳು ಸುತ್ತಿಕೊಂಡು ವಾಪಸ್ಸಾಗಿರಲಿಲ್ಲ. ತುಂಡಾಗಿದ್ದವು. ಅವಳು ಬಿಟ್ಟ ತೂತಲ್ಲ ಅದು. ಇದೆಲ್ಲ ಅವಳು ನನಗೆ ಹೇಳಿದ್ದು ಆಮೇಲೆ.

‘ಕೈ ತಪ್ಪಿ ಆಗಿದ್ದು,’ ಎಂದಳು ಆ ಮನುಷ್ಯರಿಗೆ.

‘ಏನಂತೆ?’ ಎಂದರು ಮೇಷ್ಟ್ರು.

‘ಚೆನ್ನಾಗಿದೆಯಂತೆ.’

‘ಮತ್ತೆ ಹಾಗೆ ನಡುಗ್ತಿದ್ದೀಯಲ್ಲ, ಹುಚ್ಚಿ,’ ಎಂದು ಅವರು ಅವಳ ಮೊಣಕೈಯನ್ನು ಇನ್ನಷ್ಟು ಒತ್ತಿ ಹಿಡಿದರು. ಆಗಲೂ ಹೇಳಬಹುದಿತ್ತು. ಆ ಕೈ ಬಿಡಿಸಿಕೊಂಡು ಹೋಗಿ ಮೇಡಂಗೆ ಹೇಳಿದ್ದರೆ ಚಿತ್ರದ ಮುಕ್ಕಾಲು ಪಾಲು ಉಳಿಯುತ್ತಿತ್ತು ಎಂದು ಈಗಲೂ ಅವಳು ಲೆಕ್ಕ ಹಾಕುತ್ತಾಳೆ.

ಪ್ರದರ್ಶನ ಆರು ವಾರದ್ದು. ಗೋದಾಮಿನ ಒಳಗೆ ಚಳಿಗೆಂದು ಹೀಟರ್ ಹಾಕಿದ್ದರು. ಆ ಬೆಚ್ಚಗಿನ ಗಾಳಿ, ಚಿತ್ರದ ಹಿಂದಿನ ಕತ್ತಲೆ ಎರಡೂ ನುಸಿಗೆ ಹೇಳಿ ಮಾಡಿಸಿದಂತಿದ್ದವು. ಐದನೇ ವಾರ, ನೆಲ ಒರೆಸುವ ಹೆಂಗಸು ಗೋಡೆಯ ಬುಡದಲ್ಲಿ ಬೂದು ಪುಡಿ ಬಿದ್ದಿರುವುದನ್ನು ಕಂಡು ಹೇಳಿದಳು. ಚಿತ್ರವನ್ನು ಗೋಡೆಯಿಂದ ಇಳಿಸಿದಾಗ ಹಿಂದಿನಿಂದ ನುಸಿಯ ಬಂಗಾರದ ಬಣ್ಣದ ಸಣ್ಣ ಸಣ್ಣ ಚಿಟ್ಟೆಗಳು ಎದ್ದು, ದೀಪದ ಕಡೆಗೆ ಹೋಗದೆ ಮತ್ತೆ ಕತ್ತಲೆ ಹುಡುಕಿಕೊಂಡು ಪಕ್ಕದ ಬಟ್ಟೆಗಳ ಮಡಿಕೆಗೆ ನುಗ್ಗಿದವಂತೆ.

ಮಧ್ಯಾಹ್ನದೊಳಗೆ ದೊಡ್ಡಮ್ಮನ ಹದಿನಾರೂ ಬಟ್ಟೆಗಳನ್ನು ಇಳಿಸಿ, ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಟೇಪು ಸುತ್ತಿದರು. ಮೇಷ್ಟ್ರ ಚಿತ್ರಗಳು ಹತ್ತಿಯ ಕ್ಯಾನ್ವಾಸಿನವು. ನುಸಿ ಹತ್ತಿಯನ್ನು ಮುಟ್ಟುವುದಿಲ್ಲ. ಅವು ಗೋಡೆಯಲ್ಲೇ ಉಳಿದವು, ನಡುನಡುವೆ ಒಂದೊಂದು ಖಾಲಿ ಜಾಗ ಬಿಟ್ಟುಕೊಂಡು. ಕೊನೆಯ ವಾರ ಬಂದವರಲ್ಲಿ ಹಲವರು ಹೀಗೇ ಚೆನ್ನಾಗಿದೆ, ಚಿತ್ರಕ್ಕೆ ಉಸಿರಾಡಲು ಜಾಗ ಸಿಕ್ಕಿದೆ ಎಂದರಂತೆ.

ದೊಡ್ಡ ಚಿತ್ರವನ್ನು ಶೀತಕೋಣೆಯಲ್ಲಿಟ್ಟು ತೆಗೆದ ಮೇಲೆ ದೊಡ್ಡಮ್ಮ, ‘ನನಗೆ ಕೊಡಿ, ನಾನು ಸರಿ ಮಾಡ್ತೀನಿ,’ ಎಂದು ಮೇಡಂ ಹತ್ತಿರ ಕೇಳಿಕೊಂಡಳು. ಗ್ಯಾಲರಿಯ ಹಿಂದಿನ ಕೋಣೆಯಲ್ಲಿ ಒಂದು ಮೇಜು ಕೊಟ್ಟರು. ನಡುವಿನ ಬರೀ ಉಣ್ಣೆಯ ಭಾಗ ಮೊದಲು ಹಿಡಿದಳು. ಅದು ಅವಳ ಕೈಗೆ ಬಗ್ಗಿತು, ನಾಲ್ಕು ದಿನದಲ್ಲಿ ಅಂಗೈ ಅಗಲದ ಜಾಗ ಮೊದಲಿನಂತಾಯಿತು. ಆಮೇಲೆ ಬಣ್ಣವಿದ್ದ ಕಡೆ ಬಂದಳು. ಅಲ್ಲಿ ಹುಳ ಹಿಂದಿನಿಂದ ಉಣ್ಣೆಯನ್ನು ತಿಂದು ಬಣ್ಣದ ತೊಗಟೆಯನ್ನು ಮಾತ್ರ ಬಿಟ್ಟಿತ್ತು. ಸೂಜಿ ಚುಚ್ಚಿದರೆ ತೊಗಟೆ ಬಿರುಕು ಬಿಡುತ್ತಿತ್ತು, ಎಳೆ ಎಳೆದರೆ ಉದುರುತ್ತಿತ್ತು. ನೀರಿನ ತೊಟ್ಟಿಯೊಂದು ಹಾಗೇ ಪುಡಿಯಾಗಿ ಮೇಜಿನ ಮೇಲೆ ಬಿತ್ತು. ಅವಳು ಸೂಜಿಯನ್ನು ಸಣ್ಣದು ಮಾಡಿದಳು, ನೂಲನ್ನು ಸೀಳಿ ಕೂದಲಿನಷ್ಟು ಮಾಡಿದಳು, ಹಿಂದಿನಿಂದ ಮಾತ್ರ ಹೊಲಿದು ನೋಡಿದಳು. ಚಿಮಣಿಯೂ ಹೋಯಿತು. ಒಂಬತ್ತನೇ ದಿನ ನಾನು ಕರೆದುಕೊಂಡು ಬರಲು ಹೋದಾಗ ಅವಳು ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚುತ್ತಿದ್ದಳು.

‘ಆಗಲ್ಲ,’ ಎಂದಳು. ‘ನಾನು ಮುಟ್ಟಿದಷ್ಟೂ ಕೆಡುತ್ತೆ.’

ದಾರಿಯಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ, ಆ ಬೂದು ಕೊಳವೆಯ ವಿಷಯ, ತಾರಸಿಯ ವಿಷಯ, ತೂತಿನ ಅಂಚಿನ ವಿಷಯ ಎಲ್ಲ ನನಗೆ ಹೇಳಿದಳು. ನಮೂನೆಯಲ್ಲಿ ‘ಇಲ್ಲ’ ಎಂದು ಬರೆದ ಕೈ ನನ್ನದು. ‘ಮೇಷ್ಟ್ರಿಗೆ ಹೇಳಬೇಡ,’ ಎಂದೆ. ‘ಅವರಿಗೆ ಗೊತ್ತಾಗೋದೇ ಇಲ್ಲ. ಮೇಡಂ ಕೂಡ ಹುಳ ಗೋದಾಮಿನ ಹಳೇ ಜಮಖಾನದಿಂದ ಬಂದಿರಬೇಕು ಅಂತಿದ್ದಾರೆ.’

‘ಹೂಂ,’ ಎಂದಳು.

ಆದರೆ ಹೇಳಿದಳು. ಅಂದು ಸಂಜೆ ಚಹಾಕ್ಕೆ ಅವರು ಗೋಡೆ ತಡವಿಕೊಂಡು ಬಂದು ಕೂತಾಗ, ನಾನು ಒಳಗೆ ಲೋಟ ತೊಳೆಯುತ್ತಿದ್ದೆ. ಚಿತ್ರ ಉಳಿಯುವುದಿಲ್ಲ ಎಂದು ಮೊದಲು ಹೇಳಿದಳು.

‘ನಮ್ಮ ಹಣೆಬರಹ,’ ಎಂದರು ಮೇಷ್ಟ್ರು. ‘ಯಾರದೋ ಹಳೇ ಜಮಖಾನ, ಯಾರದೋ ಹುಳ. ಯಾರನ್ನ ಬೈಯೋದು?’

‘ನನ್ನನ್ನ ಬೈಬೇಕು.’

‘ನಿನ್ನ ಯಾಕೆ?’

ಅವಳು ಹೇಳಿದಳು. ಏನನ್ನೂ ಬಿಡಲಿಲ್ಲ, ತನ್ನ ಪರವಾಗಿ ಏನನ್ನೂ ಸೇರಿಸಲಿಲ್ಲ. ಅವರ ಕಣ್ಣಿಗೋಸ್ಕರ ತಾರೀಖು ತಪ್ಪಬಾರದು ಎಂದು ಸುಮ್ಮನಿದ್ದೆ ಎಂಬ ಮಾತನ್ನು ಸಹ ಆಡಲಿಲ್ಲ. ನನಗೆ ಒಳಗಿನಿಂದ ಕೂಗಿ ಹೇಳೋಣ ಎನ್ನಿಸಿತು. ಕೈಯಲ್ಲಿ ಲೋಟ ಹಿಡಿದು ನಿಂತೆ, ಅಷ್ಟೇ.

ಕೆಳಗೆ ಸೈಕಲ್ ಅಂಗಡಿಯವನು ಚಕ್ರವೊಂದನ್ನು ತಿರುಗಿಸಿ ತಿರುಗಿಸಿ ಬಿಡುತ್ತಿದ್ದ.

‘ನನಗೆ ಹೇಳದೇ ಇದ್ದಿದ್ರೆ ಚೆನ್ನಾಗಿತ್ತು,’ ಎಂದರು ಮೇಷ್ಟ್ರು ಕೊನೆಗೆ. ಸಿಟ್ಟಿನಿಂದ ಅಲ್ಲ. ದಣಿದವರ ಹಾಗೆ. ‘ನನಗೆ ಕಣ್ಣಿಲ್ಲ ಈಗ. ಆ ಚಿತ್ರ ಗೋಡೆ ಮೇಲಿದ್ದ ಹಾಗೇ ನನಗಿತ್ತು. ನೀನದನ್ನ ಅಲ್ಲಿಂದಾನೂ ಇಳಿಸಿಬಿಟ್ಟೆ.’

ಎದ್ದು, ಗೋಡೆ ತಡವುತ್ತ ತಮ್ಮ ಮನೆಗೆ ಹೋದರು. ಚಹಾ ಹಾಗೇ ಇತ್ತು. ಮಾರನೆಯ ದಿನ ಬೆಳಿಗ್ಗೆ ದೊಡ್ಡಮ್ಮ ಬಾಗಿಲು ತಟ್ಟಿದಾಗ, ತಲೆನೋವು, ಆಮೇಲೆ ನೋಡೋಣ ಎಂಬ ಮಾತು ಒಳಗಿನಿಂದ ಬಂತು. ಅದರ ಮಾರನೆಯ ದಿನವೂ ಬಂತು. ತಿಂಗಳೊಳಗೆ ಅವರ ತಮ್ಮನ ಮಗ ವ್ಯಾನು ತಂದು, ಒಬ್ಬರೇ ಇರುವುದು ಇನ್ನು ಆಗದ ಮಾತು ಎಂದು, ಅವರನ್ನು ತನ್ನ ಊರಿಗೆ ಕರೆದುಕೊಂಡು ಹೋದ. ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ವ್ಯಾನು ಹೊರಡುವಾಗ ದೊಡ್ಡಮ್ಮ ಮೆಟ್ಟಿಲ ಮೇಲೆ ನಿಂತಿದ್ದಳು. ತಾನು ಇಲ್ಲಿದ್ದೇನೆ ಎಂದು ಅವಳು ಬಾಯಿ ಬಿಡಲಿಲ್ಲ, ಬಿಡದಿದ್ದರೆ ಅವರಿಗೆ ತಿಳಿಯುವಂತಿರಲಿಲ್ಲ.

ಗ್ಯಾಲರಿಯಿಂದ ಕಾಗದ ಬಂತು. ಚಿತ್ರದ ಉಳಿಕೆಯನ್ನು ಇಟ್ಟುಕೊಳ್ಳುವ ಸ್ಥಿತಿಯಿಲ್ಲ, ನಾಶಪಡಿಸಲು ಇಬ್ಬರ ಒಪ್ಪಿಗೆಯೂ ಬೇಕು ಎಂದು. ಕೆಳಗೆ ಮೇಷ್ಟ್ರ ಸಹಿ ಆಗಲೇ ಇತ್ತು, ಗೆರೆಯಿಂದ ಬಹಳ ಮೇಲೆ, ಓರೆಯಾಗಿ. ದೊಡ್ಡಮ್ಮ ಅದರ ಕೆಳಗೆ ತನ್ನದನ್ನು ಹಾಕಿದಳು. ಮನೆಯಲ್ಲಿ ಉಳಿದಿದ್ದ ನೂಲಿನ ಚೀಲಗಳಲ್ಲೂ ಹುಳ ಸಿಕ್ಕಿತು. ಅವನ್ನೂ, ಟೇಪು ಸುತ್ತಿದ್ದ ಬಟ್ಟೆಯ ಚೀಲಗಳನ್ನೂ ಪುರಸಭೆಯ ಗಾಡಿಯವರು ಬಂದು ಒಯ್ದರು.

ಆರು ತಿಂಗಳ ಮೇಲೆ ಅವಳು ಮೇಷ್ಟ್ರನ್ನು ನೋಡಲು ಹೋದಳು. ನಾನೂ ಬರುತ್ತೇನೆ ಎಂದರೆ ಬೇಡ ಎಂದಳು. ಸಂಜೆ ಬಸ್ ನಿಲ್ದಾಣದಲ್ಲಿ ಕಾದಿದ್ದೆ. ಇಳಿದವಳು ನನಗಿಂತ ಮುಂದೆ ನಡೆದಳು. ಮನೆಗೆ ಬಂದು, ಅಮ್ಮ ಊಟಕ್ಕೆ ಕರೆದಾಗ, ತಟ್ಟೆಯ ಮುಂದೆ ಕೂತು ಹೇಳಿದಳು.

‘ಬನ್ನಿ, ಕೂತ್ಕೊಳ್ಳಿ ಅಂದ್ರು ಕಣೇ.’

‘ಮತ್ತೆ?’ ಎಂದಳು ಅಮ್ಮ.

‘ಚೆನ್ನಾಗಿದ್ದೀರಾ ಅಂದ್ರು. ಬಸ್ಸಲ್ಲಿ ಜಾಗ ಸಿಕ್ತಾ, ಚಹಾ ತಗೊಳ್ಳಿ ಅಂದ್ರು. ಬಿಸ್ಕತ್ತಿನ ತಟ್ಟೆ ಮುಂದಕ್ಕೆ ತಳ್ಳಿದ್ರು. ಹೊರಡುವಾಗ, ನೀವು ಇಷ್ಟು ದೂರ ಬಂದಿದ್ದು ಸಂತೋಷ ಅಂದ್ರು.’

‘ಒಳ್ಳೇದಾಯ್ತಲ್ಲ,’ ಎಂದ ಅಮ್ಮ ಅಕ್ಕನ ಮುಖ ನೋಡಿ ಅನ್ನ ಬಡಿಸತೊಡಗಿದಳು.

ಇನ್ನೆರಡು ಸಲ ಹೋದಳು. ಎರಡು ಸಲವೂ ಅಷ್ಟೇ ಮರ್ಯಾದೆಯಿಂದ ಮಾತಾಡಿಸಿದರಂತೆ. ಆಮೇಲೆ ಹೋಗಲಿಲ್ಲ. ಅದರ ಮರುವರ್ಷ ಅವರು ತೀರಿಕೊಂಡರು. ಎಲ್ಲ ಮುಗಿದ ವಾರಕ್ಕೆ ತಮ್ಮನ ಮಗ ಫೋನ್ ಮಾಡಿ ತಿಳಿಸಿದ.

ಮೂರನೇ ಮಹಡಿಯ ಮನೆ ಬಿಟ್ಟು ಈಗ ಅವಳು ನಮ್ಮ ಹಿಂದಿನ ಕೋಣೆಯಲ್ಲಿದ್ದಾಳೆ. ಕಬ್ಬಿಣದ ಮಂಚವನ್ನು ಮತ್ತೆ ಮಂಚವಾಗಿ ಹಾಕಿಕೊಟ್ಟಿದ್ದೇವೆ. ಬೆಳಿಗ್ಗೆ ಹತ್ತಕ್ಕೆ ಬೀದಿಯ ಕೊನೆಯ ಲಾಂಡ್ರಿಗೆ ಹೋಗಿ, ಒಗೆಯಲು ಬಂದ ಕೋಟುಗಳಿಗೆ ಗುಂಡಿ ಹೊಲಿದು ಕೊಡುತ್ತಾಳೆ. ಗುಂಡಿ ಮಾತ್ರ. ಯಾರಾದರೂ ರಫೂ ಕೆಲಸ ತಂದರೆ, ಆ ಕೆಲಸ ತನಗೆ ಬರುವುದಿಲ್ಲ ಎಂದು ಹೇಳಿ, ಎರಡು ಬೀದಿ ಆಚೆಯ ಅಂಗಡಿಯ ದಾರಿ ತೋರಿಸುತ್ತಾಳೆ.